ಹಣ್ಣಾಗದ ಕಣ್ಣು

ಬಾಳಮ್ಮನಿಗೆ ಕಣ್ಣಿನಲ್ಲಿ ನೋವಿರಲಿಲ್ಲ. ಅದಕ್ಕೇ ಆಪರೇಷನ್ ಬೇಡವೆನ್ನುತ್ತಿದ್ದಳು. ಸಿಂದಗಿ ಬಸ್ ನಿಲ್ದಾಣದಲ್ಲಿ, ಬಿಜಾಪುರದ ಆಸ್ಪತ್ರೆಗೆ ಹೊರಟಿದ್ದ ಆಕೆಯೂ ಆಕೆಯ ತಮ್ಮ ಶ್ರೀಶೈಲಪ್ಪನೂ ಜಗಳಾಡುವುದು ಪಕ್ಕದಲ್ಲಿ ಕುಳಿತಿದ್ದ ಅಮೀನುದ್ದೀನನೆಂಬ ಪ್ರಯಾಣಿಕನಿಗೆ ಕೇಳಿಸುತ್ತಿತ್ತು.

“ಬಲಗಣ್ಣು ಛಲೋ ಕಾಣ್ತೈತಿ. ಕಾಣೂ ಕಣ್ಣು ಯಾಕ ಕೊಯ್ಸಲಿ?”

“ಎಡಗಣ್ಣು ಹೋಗೂ ಮುಂದೂ ಹಿಂಗ ಅಂದಿ, ಅಕ್ಕಾ. ಹಣ್ಣಾಗ್ಲಿ ಅಂತ ಎರಡು ವರ್ಷ ಕುಂತಿ.”

“ಬಾಜೂಮನಿ ಚನ್ನವ್ವಂದು ಹಣ್ಣಾದ ಮ್ಯಾಲ ತಗದ್ರಲ್ಲ? ಈಗ ಚಾಳೀಸ ಹಾಕ್ಕೊಂಡು ಸೂಜಿ ಪೋಣಸ್ತಾಳ.”

“ಆಕೀದು ಮೋತಿಬಿಂದು, ಕಣ್ಣಿನ ಪೊರಿ; ಅದು ಹಣ್ಣಾಗ್ತೈತಿ. ನಿಂದು ಕಾಚಬಿಂದು, ಕಣ್ಣಾಗಿನ ಒತ್ತಡ. ಇದು ಹಣ್ಣಾಗಂಗಿಲ್ಲ. ಹೋದದ್ದು ತಿರುಗಿ ಬರಂಗಿಲ್ಲ.”

“ಮತ್ತ ಆಪರೇಷನ್ ಯಾಕ?”

“ಉಳಿದದ್ದು ಉಳಸಾಕ. ತಡಾ ಮಾಡಿದ್ರ ನನ್ನ ಮಾರೀನೂ ಕಾಣಂಗಿಲ್ಲ.”

“ಅದನ್ನ ನೋಡಾಕ ಯಾರು ಕಾದಾರ?”

ಬಿಜಾಪುರದ ಬಸ್ಸು ಬಂತು. ಬಾಳಮ್ಮ ತಮ್ಮನ ಕೈ ಕೊಡವಿ ತಾನೇ ಮೊದಲು ಹತ್ತಿದಳು. ಕಾಯುತ್ತ ಕುಳಿತ ಎರಡು ವರ್ಷದಲ್ಲಿ ಹೋದದ್ದು ಒಂದು ಕಣ್ಣು.