ಮೊದಲೇ ಬಂದ ಸೊನ್ನೆ

ಹಾಂಗ್‌ಝೌವಿನ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಕಸ ಗುಡಿಸುವ ಫಾಂಗ್ ಚಿಕ್ಕಮ್ಮ ಬಿಸಿನೀರಿನ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಬೈ ಲಿನ್‌ ಎಂಬ ಹುಡುಗಿ ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ತನ್ನ ಮುಂದಿನವಳ ತೋಳು ಹಿಡಿದಿದ್ದಳು. ನಲ್ಲಿಗೆ ಫ್ಲಾಸ್ಕ್ ಹಿಡಿದಿದ್ದವಳು ಅವಳ ಸೀನಿಯರ್ ಲೌ, ಈಗ ಅದೇ ವಿಭಾಗದಲ್ಲಿ ಪಾಠ ಹೇಳುವ ಮೇಡಂ.

“ಅಕ್ಕಾ, ಮೂರು ಗಂಟೆಗೆ ನನ್ನ ಪಿಎಚ್‌ಡಿ ವೈವಾ. ನನ್ನ ಪ್ರಮೇಯನೇ ತಪ್ಪು.”

“ಸುಮ್ನಿರೆ. ವೈವಾ ದಿನ ಎಲ್ರಿಗೂ ಹಾಗೇ ಅನ್ಸತ್ತೆ.”

“ಇಲ್ಲಕ್ಕಾ. ದಾಳ ಹಾಕಿದ ಹಾಗೆ ಬರೋ ಸಂಖ್ಯೆಗಳನ್ನ ಕೂಡಿಸ್ತಾ ಹೋಗಿ, ಆ ಮೊತ್ತಗಳನ್ನೆಲ್ಲ ಗುಣಿಸ್ತೀವಲ್ಲ, ಮೊದಲನೇದೇ ಸೊನ್ನೆ ಬಂದ್ರೆ?”

“ಇಡೀ ಗುಣಲಬ್ಧ ಸೊನ್ನೆ. ಅದಕ್ಕೇ ಎಲ್ಲಾ ಸೊನ್ನೆಗಿಂತ ಜಾಸ್ತಿ ಇರ್ಬೇಕು ಅಂತ ಮೊದ್ಲೇ ಬರೀತಾರೆ.”

“ನಾನು ‘ಸೊನ್ನೆಗಿಂತ ಕಮ್ಮಿ ಇರಬಾರದು’ ಅಂತಷ್ಟೇ ಬರ್ದಿದೀನಿ. ಸೊನ್ನೆ ಬಂತು ಅಂದ್ರೆ, ಆಮೇಲೆ ಸಾವಿರ ಸಲ ಗುಣಿಸಿದ್ರೂ ನಾನು ಹೇಳಿದ ಉತ್ತರ ಬರಲ್ಲ.”

“ಅಯ್ಯೋ, ಅಷ್ಟೂ ಹೊಳೀಲಿಲ್ವಾ ನಿಂಗೆ? ಯಾವ ಪುಣ್ಯಾತ್ಮರ ಪ್ರಬಂಧದಿಂದ ಇಳಿಸ್ಕೊಂಡೆ ಆ ಸಾಲನ್ನ?”

ಬೈ ಲಿನ್ ತಲೆ ತಗ್ಗಿಸಿದಳು.

“ನಿಮ್ದೇ ಅಕ್ಕಾ.”

ಲೌಳ ಫ್ಲಾಸ್ಕ್ ತುಂಬಿ ನೆಲದ ಮೇಲೆಲ್ಲ ಬಿಸಿನೀರು ಹರಿಯಿತು. ಫಾಂಗ್ ಚಿಕ್ಕಮ್ಮನೇ ಕೈಚಾಚಿ ನಲ್ಲಿ ನಿಲ್ಲಿಸಿದಳು.

“ಇದನ್ನ ಇನ್ಯಾರಿಗೆ ಹೇಳಿದ್ಯೆ?”

“ಯಾರಿಗೂ ಇಲ್ಲ.”

“ವೈವಾಕ್ಕೆ ಯಾರು ಬರ್ತಿದಾರೆ?”

“ನಿಮ್ಮ ವೈವಾಕ್ಕೆ ಬಂದು ಪಾಸ್ ಮಾಡಿದ್ರಲ್ಲ, ಅವರೇ.”

ಫ್ಲಾಸ್ಕುಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಮೆಟ್ಟಿಲು ಹತ್ತಿದರು. ಈಗ ಲೌಳೇ ಆ ಹುಡುಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.