ಫಾಲ್ ಹಚ್ಚಿದ ಬಿಳಿ ಸೀರೆ

ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಸಲೋಮಿ, ಓದಿದ್ದು ಬಿ.ಎ., ಮಾತು ಕಡಿಮೆ. ಅವಳಿಗೊಂದು ಸಣ್ಣ ಚಿಂತೆ. ಎಷ್ಟು ಸಣ್ಣದೆಂದರೆ ಪ್ರಾರ್ಥನೆಯಲ್ಲಿ ಹೇಳಲೂ ಸಂಕೋಚ. ತನಗೆ ತಾನೇ ಹೇಳಿಕೊಂಡಿದ್ದಳು, ಅಷ್ಟೇ. ಟೀಚರ್ ಕೆಲಸಕ್ಕೆ ಬಾ ಎಂದು ಶಾಲೆಯವರು ಹೇಳಿಕಳಿಸಿದ ದಿನವೇ, ಗುಡ್ಡದ ಮೇಲಿನ ಸಹೋದರಿಯರ ಆಶ್ರಮ ಸೇರು ಎಂದು ದೇವರೂ ಕರೆದನಲ್ಲ, ದೇವರಿಗೆ ಬೇರೆ ದಿನ ಸಿಗಲಿಲ್ಲವೇ?

ನೋಡಿ, ಅವಳ ಚರ್ಚಿನ ಸಭೆಯವರಿಗೆ ಈ ಸಂಶಯ ಬರಲಿಲ್ಲ. ನಮ್ಮ ಸಭೆಯ ಹುಡುಗಿ ದೇವರ ಸೇವೆಗೆ ಹೊರಟಿದ್ದಾಳೆಂದರೆ ಸಣ್ಣ ಮಾತೇ? ಭಾನುವಾರ ಬೀಳ್ಕೊಡುಗೆ ಎಂದು ನಿಗದಿಯಾಯಿತು. ಹಾಡಿನವರು ಹಾಡು ಕಲಿತರು. ಮಹಿಳಾ ಸಂಘದವರು ಬಿಳಿ ಸೀರೆ ತಂದರು.

ಆದರೆ ಅಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ದೇವರ ಕರೆ ಬಂತೆಂದರೆ, ಕಳಿಸುವ ಮೊದಲು ಕೆಲವರು ಅವರೊಂದಿಗೆ ಕೂತು ಕೇಳಿಸಿಕೊಳ್ಳಬೇಕು. ಪ್ರಶ್ನೆ ಕೇಳಬಹುದು. ಉತ್ತರ ಬರುವ ತನಕ ಸುಮ್ಮನಿರಬೇಕು. ಬುದ್ಧಿ ಹೇಳಬಾರದು. ಬುದ್ಧಿ ಹೇಳಬಾರದು! ನಮ್ಮಂಥವರಿಗೆ ಇದಕ್ಕಿಂತ ಉಪವಾಸ ಸುಲಭ.

ಗುರುವಾರ ಸಂಜೆ ಕೂತರು. ಮಹಿಳಾ ಸಂಘದ ಕೃಪಾಬಾಯಿ ನಿಯಮ ಮೀರುವವರಲ್ಲ. ಪ್ರಶ್ನೆಯನ್ನೇ ಕೇಳಿದರು.

"ಸೀರಿಗೆ ಫಾಲ್ ಹಚ್ಚಿಸೇವಿ, ಇನ್ನ ಅಂಗಡ್ಯಾಂವ ವಾಪಸ್ ತಗೊಳ್ಳಾಂಗಿಲ್ಲ. ಗೊತ್ತೈತಿಲ್ಲವಾ ನಿನಗ?"

"ಗೊತ್ತೈತ್ರಿ ಅಕ್ಕಾರ."

ಹಾಡು ಕಲಿಸುವ ಯೋಬಪ್ಪನವರೂ ಕೇಳಿದರು. "ಹಾಡಿ ಹಾಡಿ ನಮ್ಮ ಗಂಟಲಾ ಬಿದ್ದೈತಿ. ಈಗ ಮನಸ್ಸು ಬದಲ್ ಮಾಡೂದಿಲ್ಲ, ಹೌದಲ್ಲವಾ?"

"ಹೌದ್ರಿ."

ಸಭಾಹಿರಿಯರಾದ ಸಮಾಧಾನಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಶ್ರಮದಾಗ ನಿನಗ ಏನ್ ಹಿಡಿಸ್ತೈತವಾ?"

"ಮೌನ ರೀ. ಮಧ್ಯಾಹ್ನದ ತನಕಾ ಯಾರೂ ಮಾತಾಡಸಂಗಿಲ್ಲ."

"ಮಧ್ಯಾಹ್ನ ಆದಮ್ಯಾಲೆ?"

ಮಧ್ಯಾಹ್ನದ ಮೇಲೆ ಸಹೋದರಿಯರು ಗುಡ್ಡ ಇಳಿದು ಮನೆಮನೆಗೆ ಹೋಗಿ ಮಾತಾಡಬೇಕು. ಸಲೋಮಿಗೆ ಅದು ಗೊತ್ತಿತ್ತು. ಆದರೆ ಅವಳ ಯೋಚನೆ ಎಂದೂ ಹನ್ನೆರಡು ಗಂಟೆ ದಾಟಿರಲಿಲ್ಲ. ಕೃಪಾಬಾಯಿಯವರ ಬಾಯಿ ತೆರೆಯಿತು. ಸಮಾಧಾನಪ್ಪನವರು ಅವರ ಕಡೆ ನೋಡಿದರು. ಬಾಯಿ ಮುಚ್ಚಿತು.

ಅವರನ್ನು ಹಾಗೇ ಕೂರಿಸಿ ಈಗ ನಿಮ್ಮನ್ನು ಕೇಳುತ್ತೇನೆ. ನೀವಾಗಿದ್ದರೆ ಎಷ್ಟು ಹೊತ್ತು ಸುಮ್ಮನಿರುತ್ತಿದ್ದಿರಿ? ಈ ವಾರ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮಾ, ಒಂದು ಮಾತು" ಎಂದರೆ ಒಲೆ ಆರಿಸಿ ಕೂತುಕೊಳ್ಳಿ. ಅಪ್ಪಂದಿರೇ, ಮೊಬೈಲ್ ಬೋರಲು ಹಾಕಿ. ನಿಮ್ಮ ಬುದ್ಧಿಮಾತಿಗೆ ಪ್ರಶ್ನೆಯ ಅಂಗಿ ತೊಡಿಸಬೇಡಿ. ದೇವರು ಕರೆದಿದ್ದಾನೆ ಎನ್ನುವವರೇ, ನೀವೂ ಒಬ್ಬರೇ ಕೂತು ತೀರ್ಮಾನಿಸಬೇಡಿ, ಕೇಳಿಸಿಕೊಳ್ಳುವವರ ಮುಂದೆ ತಂದಿಡಿ. ಯಾಕೆ? ಒಬ್ಬರೇ ಇದ್ದಾಗ ನಮ್ಮ ಅಂಜಿಕೆಯೂ ದೇವರ ದನಿಯಲ್ಲೇ ಮಾತಾಡುತ್ತದೆ.

ಆ ಸಂಜೆ ಚಹಾ ಆರಿತು. ಕೊನೆಗೆ ಸಲೋಮಿ, ಕೃಪಾಬಾಯಿಯವರ ತೊಡೆಯ ಮೇಲಿದ್ದ ಸೀರೆಯನ್ನೇ ನೋಡುತ್ತ ಹೇಳಿದಳು:

"ದೇವರು ಕರದಿಲ್ಲ ರೀ. ಸಾಲ್ಯಾಗ ಮಕ್ಕಳ ಮುಂದ ನಿಂದ್ರಾಕ ನನಗ ಅಂಜಿಕಿ."