ಬಿಂದುಮಾಧವರು ನಮ್ಮನ್ನು ಬೈದ ಸಂಜೆ

ಬಿಂದುಮಾಧವರ ಪತ್ನಿ, ನಮ್ಮೆಲ್ಲರ ಅತ್ತಿಗೆ ಅಂಬಾ ವೈನಿಯವರೇ, ಅವರ ಮಗಳು ಸುರಭಿ, ಪುಣೆಯ ಕನ್ನಡ ಬಂಧುಗಳೇ, ಬಾರಾಮತಿಯಿಂದ ಬಂದ ಗೆಳೆಯರೇ — ಎಲ್ಲರಿಗೂ ಈ ಸಂಕಪ್ಪನ ನಮಸ್ಕಾರ. ನಮ್ಮ ಬಿಂದುಮಾಧವರು ಹೋದ ತಿಂಗಳು ತೀರಿಕೊಂಡರು. ಪ್ರತಿವರ್ಷ ಅವರು ನಡೆಸುತ್ತಿದ್ದ ಲೋಕಸಂಗೀತ ಹಬ್ಬದಲ್ಲಿ ಮೊದಲಿನಿಂದಲೂ ಮೈಕು, ಕುರ್ಚಿ ನೋಡಿಕೊಂಡವನು ನಾನು. ನನಗೆ ಭಾಷಣ ಬರುವುದಿಲ್ಲ. ಆದರೂ ಒಂದು ಸಂಗತಿ ಹೇಳಲೇಬೇಕು.

ಮೊದಲ ವರ್ಷ ಆಫ್ರಿಕಾದ ಮಾಲಿ ದೇಶದಿಂದ ಒಬ್ಬ ಹಾಡುಗಾರರು ಬಂದಿದ್ದರು. ಇಷ್ಟು ದೊಡ್ಡ ಸೋರೆಬುರುಡೆಯ ತಂತಿವಾದ್ಯ — ಹೀಗೆ, ಎದುರಿಗೆ ಹಿಡಿದು ನುಡಿಸುವುದು. ಹಾಡಿದರು, ಕೈ ಇಳಿಸಿದರು. ನಾವು? ಸುಮ್ಮನೆ ಕೂತೆವು! ಧಾರವಾಡ, ಬೆಳಗಾವಿ ಕಡೆಯ ಕಿವಿ ನೋಡಿ ನಮ್ಮದು — ಇದಿನ್ನೂ ಆಲಾಪ, ತಬಲಾ ಬರಲಿ, ಆಮೇಲೆ ಶುರು ಎಂದು ಕಾದೆವು. ಪಾಪ, ಅವರ ಮುಖ ಸಣ್ಣದಾಯಿತು. ಎದ್ದು ಒಳಗೆ ಹೋಗಿ ವಾದ್ಯಕ್ಕೆ ಗವಸು ಹಾಕತೊಡಗಿದರು.

ಎಂದೂ ವೇದಿಕೆ ಹತ್ತದ ಬಿಂದುಮಾಧವರು ಅಂದು ಹತ್ತಿದರು. ನನ್ನ ಕೈಯಿಂದ ಮೈಕು ಕಸಿದುಕೊಂಡು ಬೈದರು:

"ಹಾಡು ಮುಗದದರೀ. ಅವರ ಹಾಡು ಇರೋದೇ ಇಷ್ಟು. ನಮ್ಮ ಅಳತಿ ಅವರಿಗೆ ಹಚ್ಚಬ್ಯಾಡ್ರಿ."

ಆಗ ಬಿತ್ತು ಚಪ್ಪಾಳೆ! ಅತಿಥಿ ಮರಳಿ ಬಂದು, ನಗುತ್ತ ಹಾಡಿದರು. ಅಂದಿನಿಂದ ಪ್ರತಿ ಕಛೇರಿಗೂ ಮೊದಲು ಬಿಂದುಮಾಧವರು ನಿಂತು, ಆ ನಾಡಿನವರು ಹಾಡನ್ನು ಹೇಗೆ ಕೇಳುತ್ತಾರೆ, ಎಲ್ಲಿ ಚಪ್ಪಾಳೆ ತಟ್ಟುತ್ತಾರೆ ಎಂದು ತಿಳಿಸುವುದು ನಮ್ಮ ಹಬ್ಬದ ರೂಢಿಯಾಯಿತು.

ಇನ್ನು ಯಾರು ಹೇಳಬೇಕು? ಮುಂದಿನ ತಿಂಗಳೇ ಹಬ್ಬ. ಈ ವರ್ಷ ಬೇಡ, ಬಹುಶಃ ಇನ್ನು ಮುಂದೆಯೂ ಬೇಡ ಎನ್ನಲು ಸಮಿತಿಯವರೆಲ್ಲ ಕೊಂಢವಾ ಬಡಾವಣೆಯ ಅವರ ಮನೆಗೆ ಹೋದೆವು. ವೈನಿ ಚಹಾ ಕೊಟ್ಟು, ನಮ್ಮ ಮಾತು ಪೂರ್ತಿ ಕೇಳಿದರು. ನಿಮಗೆ ಗೊತ್ತಲ್ಲ — ದೇಶದೇಶದ ಅತಿಥಿಗಳಿಗೆಲ್ಲ ಊಟ ಈ ತಾಯಿಯ ಮನೆಯದೇ. ರೊಟ್ಟಿ ಬಡಿಯುವುದರಲ್ಲಿ ಇವರು ಒಂದು ಹಾಡನ್ನೂ ಕೂತು ಕೇಳಿದವರಲ್ಲ.

"ಕರದ ಮಂದೀಗೆ ಬರಬ್ಯಾಡ್ರಿ ಅನ್ನೂದು ಚಂದ ಅಲ್ರಿ" ಎಂದರು ವೈನಿ. "ಹಬ್ಬ ಮಾಡ್ರಿ. ಆದ್ರ ಈ ಸಲ ಅಡಗಿ ನೀವು ನೋಡ್ಕೋರಿ. ನಾ ಕೂತು ಕೇಳ್ತೀನಿ."

ಹಬ್ಬ ನಡೆಯುತ್ತದೆ, ಬಂಧುಗಳೇ! ತಂದೆ ನಿಲ್ಲುತ್ತಿದ್ದ ಜಾಗದಲ್ಲಿ ಸುರಭಿ ನಿಲ್ಲುತ್ತಾಳೆ. ರೊಟ್ಟಿ ನಾವು ಬಡಿಯುತ್ತೇವೆ — ಸೀದರೆ ಅತಿಥಿಗಳು ಸೀದಿದ್ದನ್ನೇ ತಿನ್ನಲಿ.

ಈಗ ಮೊಬೈಲು ಬಂದ್ ಮಾಡಿ. ಬಿಂದುಮಾಧವರನ್ನು ನೆನೆದು ಎರಡು ನಿಮಿಷ ಎಲ್ಲರೂ ಎದ್ದು, ಮಾತಿಲ್ಲದೆ ನಿಲ್ಲೋಣ.

ವೈನಿ, ನೀವು ಏಳಬೇಡಿ. ನೀವು ಕೂತಿರಿ — ನಾವು ನಿಲ್ಲುತ್ತೇವೆ.